ಕೆಲವೊಮ್ಮೆ ನೆಲವೇ ಡೊಂಕಿರುತ್ತದೆ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗಿಟಾರ್ ಕಲಿಯಲು ಹೊರಟು ಎರಡು ತಿಂಗಳಲ್ಲಿ ಬಿಟ್ಟವರಿಗೆ ಮನೆಯಲ್ಲಿ ಈ ಗಾದೆ ತಪ್ಪದೆ ಕೇಳಸಿಗುತ್ತದೆ. ಆದರೆ ಗಿಟಾರ್ ವಿಷಯದಲ್ಲಿ ಗಾದೆಯನ್ನು ಹಾಗೇ ಒಪ್ಪಿಕೊಳ್ಳಬೇಡಿ. ಇಲ್ಲಿ ಅನೇಕ ಸಲ ನೆಲ ನಿಜವಾಗಿಯೂ ಡೊಂಕಿರುತ್ತದೆ. ಎಷ್ಟು ಡೊಂಕಿದೆ ಎಂದು ಅಳೆಯಬಹುದು, ಸರಿಪಡಿಸಲೂಬಹುದು. ಅಳೆಯಲು ಬೇಕಾದದ್ದು ನಮ್ಮ ಕಂಪಾಸ್ ಪೆಟ್ಟಿಗೆಯಲ್ಲಿರುವ ಸ್ಕೇಲ್ ಮಾತ್ರ.

ನಮ್ಮ ತರಗತಿಯಲ್ಲೇ ಕೇಳಿ ನೋಡಿ. ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ ಗಿಟಾರ್ ಕೊಡಿಸಿಕೊಂಡವರು ಸಿಗುತ್ತಾರೆ. ಈಗಲೂ ನುಡಿಸುತ್ತೀಯಾ ಎಂದರೆ ನಗುತ್ತಾರೆ. ವಾದ್ಯ ಅಲಮಾರಿಯ ಮೇಲೆ ಹಳೆಯ ಸೂಟ್‌ಕೇಸಿನ ಪಕ್ಕದಲ್ಲಿರುತ್ತದೆ. ಕಾರಣ ಕೇಳಿದರೆ ಉತ್ತರ ಒಂದೇ: "ನನಗೆ ಆ ಕೈ ಇಲ್ಲ." ಈ ಉತ್ತರ ನನಗೆ ಬೇಸರ ತರುತ್ತದೆ. ಹದಿನಾರು, ಹದಿನೇಳು ವರ್ಷದವರು ತಮ್ಮ ಬಗ್ಗೆ ಇಷ್ಟು ಬೇಗ ಇಂಥ ತೀರ್ಮಾನಕ್ಕೆ ಬರಬಾರದು, ಅದೂ ತಪ್ಪು ಸಾಕ್ಷಿಯನ್ನು ನಂಬಿ. ಗಿಟಾರ್ ನುಡಿಸಲು ಕಲಿಯುವವರು ಅದನ್ನು ನೋಡಿಕೊಳ್ಳುವುದನ್ನೂ ಮೊದಲ ದಿನದಿಂದಲೇ ಕಲಿಯಬೇಕು ಎಂಬುದು ನನ್ನ ವಾದ. ನುಡಿಸುವುದು ಅರ್ಧ ವಿದ್ಯೆ, ಮರಾಮತ್ತು ಇನ್ನರ್ಧ.

ಮೊದಲು ಬೆರಳು ನೋವಿನ ವಿಷಯ. ಹೊಸಬರಿಗೆ ಕೆಲವು ವಾರ ಬೆರಳ ತುದಿ ನೋಯುವುದು ಸಹಜ. ಚರ್ಮ ಗಟ್ಟಿಯಾದ ಮೇಲೆ ಆ ನೋವು ಹೋಗುತ್ತದೆ. ಆದರೆ ತಂತಿ ಮತ್ತು ಫ್ರೆಟ್‌ನ ನಡುವಿನ ಅಂತರ ಹೆಚ್ಚಿದ್ದರೆ ಬರುವ ನೋವು ಬೇರೆ, ಅದು ಅಭ್ಯಾಸದಿಂದ ಹೋಗುವುದಿಲ್ಲ. ಉಕ್ಕಿನ ತಂತಿಯ ಗಿಟಾರ್‌ನಲ್ಲಿ 12ನೇ ಫ್ರೆಟ್‌ನ ಮೇಲೆ ಸ್ಕೇಲ್ ಇಟ್ಟು ನೋಡಿ. ದಪ್ಪ ತಂತಿಯ ಕೆಳಗೆ ಸುಮಾರು 2.5 ಮಿ.ಮೀ., ತೆಳು ತಂತಿಯ ಕೆಳಗೆ ಸುಮಾರು 2 ಮಿ.ಮೀ. ಇದ್ದರೆ ಸರಿ. ಅಗ್ಗದ ಗಿಟಾರ್‌ಗಳಲ್ಲಿ ಈ ಅಂತರ 4 ಮಿ.ಮೀ. ಇರುವುದೂ ಉಂಟು. ಅಂಥದ್ದರ ಮೇಲೆ ಎಫ್ ಕಾರ್ಡ್ ಹಿಡಿಯುವುದು ಪಳಗಿದವರಿಗೂ ಕಷ್ಟ. ಹೊಸಬರು ಹಿಡಿಯಲಾರದೆ ಹೋದರೆ ತಪ್ಪು ಬೆರಳಿನದ್ದಲ್ಲ.

ಅಂತರ ಹೆಚ್ಚಿದ್ದರೆ ಶ್ರುತಿಯೂ ಕೆಡುತ್ತದೆ. ಇದನ್ನು ಕಾಮರ್ಸ್‌ನವರು ಬೇಗ ಅರ್ಥ ಮಾಡಿಕೊಳ್ಳಬಹುದು, ಏಕೆಂದರೆ ಗಿಟಾರ್‌ನ ಕುತ್ತಿಗೆ ಒಂದು ಚಕ್ರಬಡ್ಡಿಯ ಕೋಷ್ಟಕ. ಎ ತಂತಿಯನ್ನು ಸುಮ್ಮನೆ ಮೀಟಿದರೆ ಅದು ಸೆಕೆಂಡಿಗೆ 110 ಸಲ ಕಂಪಿಸುತ್ತದೆ. ಒಂದೊಂದು ಫ್ರೆಟ್ ಮೇಲೆ ಹೋದಂತೆ ಈ ಸಂಖ್ಯೆ ಹಿಂದಿನ ಸಂಖ್ಯೆಯ ಶೇ. 5.95ರಷ್ಟು ಏರುತ್ತದೆ. ಮೊದಲ ಫ್ರೆಟ್‌ನಲ್ಲಿ ಸುಮಾರು 116.5. ಹೀಗೇ ಏರುತ್ತಾ 12ನೇ ಫ್ರೆಟ್‌ಗೆ ಸರಿಯಾಗಿ 220, ಅಂದರೆ ಇಮ್ಮಡಿ. ಶೇ. 6ರ ಚಕ್ರಬಡ್ಡಿಯಲ್ಲಿ ಹಣ ಸುಮಾರು 12 ವರ್ಷಕ್ಕೆ ಇಮ್ಮಡಿಯಾಗುತ್ತದೆ ಎಂದು 72ರ ಸೂತ್ರ ಹೇಳುತ್ತದಲ್ಲ, ಲೆಕ್ಕ ಅದೇ. ಫ್ರೆಟ್‌ಗಳು ಮೇಲೆ ಹೋದಂತೆ ಹತ್ತಿರ ಹತ್ತಿರವಾಗುವುದು ಈ ಕಾರಣಕ್ಕೆ. ಈಗ ತಂತಿ ತೀರಾ ಎತ್ತರದಲ್ಲಿದ್ದರೆ ಅದನ್ನು ಒತ್ತುವಾಗ ಹೆಚ್ಚು ಎಳೆದಂತಾಗುತ್ತದೆ. ಎಳೆತ ಹೆಚ್ಚಿದರೆ ಸ್ವರ ಏರುತ್ತದೆ. ಬೆರಳು ಸರಿಯಾದ ಜಾಗದಲ್ಲಿದ್ದರೂ ಕಿವಿಗೆ ತಪ್ಪಾಗಿ ಕೇಳುತ್ತದೆ. ಪಾಪ, ನುಡಿಸುವವರು ತಮಗೆ ಸ್ವರಜ್ಞಾನವಿಲ್ಲ ಎಂದುಕೊಳ್ಳುತ್ತಾರೆ. ನಿಜವಾಗಿ ಅವರ ಕಿವಿ ಸರಿಯಾಗಿದೆ, ಅದಕ್ಕೇ ತಪ್ಪು ಗೊತ್ತಾಗುತ್ತಿದೆ.

ಸರಿಪಡಿಸುವುದು ಹೇಗೆ? ಮೊದಲು ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ, ಮೊದಲ ಫ್ರೆಟ್‌ನ ಮೇಲೆ ಎಷ್ಟು ಜಾಗ ಉಳಿದಿದೆ ನೋಡಿ. ಕೂದಲೆಳೆಯಷ್ಟಿದ್ದರೆ ಸಾಕು. ಹೆಚ್ಚಿದ್ದರೆ ತಲೆಯ ಕಡೆ ತಂತಿ ಕೂರುವ ನಟ್ ಎತ್ತರವಾಗಿದೆ ಎಂದರ್ಥ. ಅದನ್ನು ಅರೆಯುವ ಕೆಲಸ ತಿಳಿದವರಿಗೆ ಬಿಡಿ. ಇನ್ನೊಂದು ತುದಿಯಲ್ಲಿ ಬ್ರಿಡ್ಜ್‌ನ ಸೀಳಿನಲ್ಲಿ ಬಿಳಿಯ ಪಟ್ಟಿ ಇರುತ್ತದೆ, ಅದು ಸ್ಯಾಡಲ್. ತಂತಿ ಸಡಿಲಿಸಿದರೆ ಸಾಮಾನ್ಯವಾಗಿ ಅದು ಹೊರಬರುತ್ತದೆ. ಅಂಟಿಸಿದ್ದರೆ ಬಲವಂತ ಮಾಡಬೇಡಿ. ಗಾಜಿನ ಮೇಲೆ ಮರಳು ಕಾಗದ ಹಾಸಿ ಸ್ಯಾಡಲ್‌ನ ತಳವನ್ನು ಸಮವಾಗಿ ಉಜ್ಜಬೇಕು. ಲೆಕ್ಕ ಸರಳ: ಸ್ಯಾಡಲ್ 1 ಮಿ.ಮೀ. ಕಡಿಮೆಯಾದರೆ 12ನೇ ಫ್ರೆಟ್‌ನಲ್ಲಿ ತಂತಿ ಅದರ ಅರ್ಧದಷ್ಟು, ಅಂದರೆ 0.5 ಮಿ.ಮೀ. ಇಳಿಯುತ್ತದೆ. ಸ್ವಲ್ಪ ಉಜ್ಜಿ, ಹಾಕಿ ನೋಡಿ, ಬೇಕಿದ್ದರೆ ಮತ್ತೆ ಉಜ್ಜಬೇಕು. ಉಜ್ಜಿ ಹೋದದ್ದನ್ನು ಮರಳಿ ಸೇರಿಸಲಾಗದು. ಕುತ್ತಿಗೆಯೊಳಗಿನ ಉಕ್ಕಿನ ಸರಳನ್ನು ಮಾತ್ರ ಮೊದಲ ದಿನವೇ ತಿರುಗಿಸಲು ಹೋಗಬೇಡಿ. ತಿಳಿದವರೂ ಅದನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸುವುದಿಲ್ಲ.

ಇನ್ನೊಂದು ಎಚ್ಚರಿಕೆ ಬಹಳ ಮುಖ್ಯ. ನೈಲಾನ್ ತಂತಿಯ ಗಿಟಾರ್‌ಗೆ ಉಕ್ಕಿನ ತಂತಿ ಹಾಕಬಾರದು. ಆರು ಉಕ್ಕಿನ ತಂತಿಗಳು ಸೇರಿ ಸುಮಾರು 70 ಕಿಲೋ ಭಾರದಷ್ಟು ಬಲದಿಂದ ಎಳೆಯುತ್ತವೆ. ನೈಲಾನ್‌ನ ಎಳೆತ ಅದರ ಅರ್ಧದಷ್ಟು, ಆ ಗಿಟಾರ್‌ನ ತೆಳು ಹಲಗೆಯನ್ನು ಅಷ್ಟಕ್ಕೇ ಮಾಡಿರುತ್ತಾರೆ. ಹೆಚ್ಚು ಸದ್ದು ಬರುತ್ತದೆಂದು ಉಕ್ಕಿನ ತಂತಿ ಹಾಕಿದರೆ ಬ್ರಿಡ್ಜ್ ಕಿತ್ತು ಬರಬಹುದು. ಇದನ್ನು ತಿಳಿಯಲು ವಿಜ್ಞಾನ ವಿಭಾಗಕ್ಕೆ ಸೇರಬೇಕಿಲ್ಲ. ತೆಗೆದ ತಂತಿಯನ್ನು ಒಮ್ಮೆ ಮುಟ್ಟಿ ನೋಡಿದರೆ ಸಾಕು.

ನಮ್ಮ ಅಕೌಂಟೆನ್ಸಿ ಪಾಠಕ್ಕೂ ಇದಕ್ಕೂ ನೇರ ಸಂಬಂಧವಿದೆ. ಗಿಟಾರ್ ಕೊಳ್ಳುವುದು ಬಂಡವಾಳ ವೆಚ್ಚ. ತಂತಿ, ಒರೆಸುವ ಬಟ್ಟೆ, ಸಣ್ಣ ರಿಪೇರಿ ಇವೆಲ್ಲ ರಾಜಸ್ವ ವೆಚ್ಚ. ನಾಲ್ಕೈದು ಸಾವಿರ ಕೊಟ್ಟು ಮಗುವಿಗೆ ಗಿಟಾರ್ ತಂದುಕೊಡುವ ತಂದೆ, ವರ್ಷಕ್ಕೆ ಎರಡು ಮೂರು ಸಲ ಕೆಲವು ನೂರು ರೂಪಾಯಿಯ ತಂತಿ ಕೇಳಿದಾಗ ದುಂದು ಎನ್ನುತ್ತಾರೆ. ವಾಸ್ತವದಲ್ಲಿ ಆ ಕೆಲವು ನೂರು ಕೊಡದಿದ್ದರೆ ಮೊದಲಿನ ಸಾವಿರಗಳೇ ದುಂದಾಗುತ್ತವೆ. ಸವಕಳಿಗೆ ಬಳಕೆಯೊಂದೇ ಕಾರಣವಲ್ಲ, ಕಾಲ ಕಳೆಯುವುದೂ ಕಾರಣ ಎಂದು ನಾವು ಓದಿದ್ದೇವೆ. ಅಲಮಾರಿಯ ಮೇಲಿನ ಗಿಟಾರ್ ಇದಕ್ಕೆ ಒಳ್ಳೆಯ ಉದಾಹರಣೆ. ಯಾರೂ ಮುಟ್ಟದಿದ್ದರೂ ಆ 70 ಕಿಲೋ ಎಳೆತ ಹಗಲೂ ರಾತ್ರಿ ಅದರ ಕುತ್ತಿಗೆಯನ್ನು ಬಾಗಿಸುತ್ತಲೇ ಇರುತ್ತದೆ. ತಿಂಗಳುಗಟ್ಟಲೆ ನುಡಿಸುವುದಿಲ್ಲವಾದರೆ ಬಿರಡೆಗಳನ್ನು ತಿರುಗಿಸಿ ಶ್ರುತಿಯನ್ನು ಒಂದೆರಡು ಸ್ವರ ಇಳಿಸಿಡಬೇಕು.

ಹವೆಯೂ ಸುಮ್ಮನಿರುವುದಿಲ್ಲ. ಮಳೆಗಾಲದಲ್ಲಿ ಭಟ್ಕಳ, ಮಂಗಳೂರಿನಂಥ ಊರುಗಳಲ್ಲಿ ಮರ ತೇವ ಹೀರಿ ಮುಂದಿನ ಹಲಗೆ ಉಬ್ಬುತ್ತದೆ, ತಂತಿ ಮೇಲೇರುತ್ತದೆ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನ ಕಡೆ ಮರ ಒಣಗಿ ಕುಗ್ಗುತ್ತದೆ, ಫ್ರೆಟ್‌ಗಳ ಲೋಹದ ತುದಿ ಅಂಚಿನಿಂದ ಹೊರಬಂದು ಕೈ ತರಚುತ್ತದೆ. ಗಾಳಿಯ ತೇವಾಂಶ ಶೇ. 45ರಿಂದ 55ರ ನಡುವೆ ಇದ್ದರೆ ಗಿಟಾರ್‌ಗೆ ಹಿತ. ನಮ್ಮ ಮನೆಗಳಲ್ಲಿ ಅದನ್ನು ನಿಭಾಯಿಸಲು ಯಂತ್ರ ಬೇಕಿಲ್ಲ. ಹೊರಗೋಡೆಗೆ ಒರಗಿಸಬಾರದು, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬಾರದು, ಚೀಲದ ಜಿಪ್ ಹಾಕಿಡಬೇಕು. ನುಡಿಸುವ ಮುನ್ನ ಕೈ ತೊಳೆದು, ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಿಂದ ತಂತಿ ಒರೆಸಬೇಕು. ಬೆವರಿನ ಉಪ್ಪೇ ತಂತಿಗೆ ತುಕ್ಕು ಹಿಡಿಸುವುದು. ದಿನಕ್ಕೆ ಎರಡು ನಿಮಿಷದ ಕೆಲಸವಿದು.

"ಇದೆಲ್ಲ ಅಂಗಡಿಯವರ ಕೆಲಸ, ನಮಗೇಕೆ?" ಎಂದು ಕೇಳುವವರಿದ್ದಾರೆ. ನುಡಿಸುವವರು ಬೇರೆ, ರಿಪೇರಿ ಮಾಡುವವರು ಬೇರೆ ಎಂಬ ಭಾವನೆ ಇತ್ತೀಚಿನದು. ಗಿಟಾರ್ ಎಂಬ ಹೆಸರು ಸ್ಪ್ಯಾನಿಷ್ ಭಾಷೆಯಿಂದ ಬಂದದ್ದು, ಸ್ಪ್ಯಾನಿಷ್‌ಗೆ ಅದು ಅರಬಿಯ ಖೀತಾರಾದಿಂದ ಬಂತು, ಅರಬಿಗೆ ಗ್ರೀಕ್‌ನಿಂದ. 9ನೇ ಶತಮಾನದಲ್ಲಿ ಬಗ್ದಾದ್‌ನಿಂದ ಸ್ಪೇನಿನ ಕಾರ್ಡೋಬಾಕ್ಕೆ ಹೋದ ಝಿರ್ಯಾಬ್ ಎಂಬ ಸಂಗೀತಗಾರ ಊದ್ ವಾದ್ಯಕ್ಕೆ ಐದನೇ ತಂತಿ ಸೇರಿಸಿದ, ತನ್ನ ವಾದ್ಯವನ್ನು ತಾನೇ ಮಾಡಿಕೊಂಡಿದ್ದ ಎಂದು ಹೇಳುತ್ತಾರೆ. ಅಷ್ಟು ದೂರ ಯಾಕೆ, ನಮ್ಮ ಪಕ್ಕದ ಧಾರವಾಡದಲ್ಲಿ ನೆಲೆಸಿದ ಸಿತಾರ್ ರತ್ನ ರಹಿಮತ್ ಖಾನರು ಸಿತಾರಿನ ತಂತಿಗಳ ಜೋಡಣೆಯನ್ನೇ ಬದಲಿಸಿದವರು. ಗಡಿಯಾಚೆಯ ಮೀರಜ್‌ನಲ್ಲಿ ಒಂದು ಕಾಲಕ್ಕೆ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಕುಟುಂಬದವರು ಸಿತಾರು, ತಂಬೂರಿಗಳ ರಿಪೇರಿಗೆ ಕೈ ಹಾಕಿ, ಆಮೇಲೆ ಅವನ್ನು ಮಾಡುವುದನ್ನೇ ಕಸುಬಾಗಿಸಿಕೊಂಡರು. ಇಂದಿಗೂ ಮೀರಜ್‌ನ ತಂಬೂರಿಗೆ ಗಾಯಕರಲ್ಲಿ ಬೆಲೆಯಿದೆ. ಆ ಕಸುಬು ಶುರುವಾದದ್ದು ರಿಪೇರಿಯಿಂದ ಎಂಬುದನ್ನು ನಾವು ಮರೆಯಬಾರದು.

ನಮ್ಮ ಕಾಲೇಜಿನ ಪತ್ರಿಕೆಯಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾಗದು. ತಂತಿವಾದ್ಯ ಜಾಯಿಝ್ ಹೌದೋ ಅಲ್ಲವೋ ಎಂಬ ಪ್ರಶ್ನೆ ನಮ್ಮ ಅನೇಕ ಮನೆಗಳಲ್ಲಿದೆ. ಹಿಂದಿನ ಬಹುಪಾಲು ಉಲಮಾಗಳು ಅದನ್ನು ಒಪ್ಪಿಲ್ಲ. ಕಾರ್ಡೋಬಾದ ಇಬ್ನ್ ಹಝ್ಮ್ ಅವರಂಥ ಕೆಲವರು ಬೇರೆ ಅಭಿಪ್ರಾಯ ಹೇಳಿದ್ದಾರೆ. ತೀರ್ಪು ಕೊಡಲು ನಾನು ಆಲಿಮ್ ಅಲ್ಲ. ಒಪ್ಪದ ಮನೆಯ ಮಕ್ಕಳು ಕದ್ದುಮುಚ್ಚಿ ನುಡಿಸಲಿ ಎಂದು ನಾನು ಹೇಳುತ್ತಿಲ್ಲ. ಹಾಗೆಯೇ ತಂದೆತಾಯಿ ಒಪ್ಪಿ ಕೊಡಿಸಿದ ಮನೆಯ ಮಕ್ಕಳನ್ನು ಬೇರೆಯವರು ಹೀಯಾಳಿಸುವುದೂ ಬೇಡ. ಅಝಾನ್ ವೇಳೆ, ನಮಾಝ್ ವೇಳೆ, ಪಕ್ಕದ ಮನೆಯಲ್ಲಿ ಕಾಯಿಲೆಯವರು ಇರುವಾಗ ವಾದ್ಯ ಕೆಳಗಿಡುವುದು ಯಾರೂ ಹೇಳಿಕೊಡಬೇಕಾದ ಅದಬ್ ಅಲ್ಲ. ಒಂದು ವಿಷಯದಲ್ಲಂತೂ ಎರಡೂ ಕಡೆಯವರು ಒಪ್ಪಬಹುದು: ದುಡ್ಡು ಕೊಟ್ಟು ತಂದ ವಸ್ತುವನ್ನು ನೋಡಿಕೊಳ್ಳದೆ ಹಾಳುಬಿಡುವುದು ಇಸ್ರಾಫ್.

ನಮ್ಮ ಮನೆಯ ಉರ್ದುವಿನಲ್ಲಿ ಹವ್ಯಾಸಕ್ಕೆ ಶೌಕ್ ಎನ್ನುತ್ತೇವೆ. ಶೌಕ್ ಎಂದರೆ ಆಸೆ, ಹಂಬಲ. ಆಸೆಗೆ ಖರ್ಚಿಲ್ಲ, ಶ್ರಮವೂ ಇಲ್ಲ. ಕನ್ನಡದ ಹವ್ಯಾಸ ಎಂಬ ಪದದಲ್ಲಿ ರೂಢಿ, ಅಭ್ಯಾಸದ ಅರ್ಥವೂ ಇದೆ, ಅಂದರೆ ದಿನವೂ ಮಾಡುವಂಥದ್ದು. ಇವೆರಡೂ ಸೇರಬೇಕು. ಎರಡು ಭಾಷೆಗೂ ಸೇರಿದ ಒಂದು ಪದವೂ ಇದೆ: ಮನೆಯಲ್ಲಿ ಮರಮ್ಮತ್, ಕನ್ನಡದಲ್ಲಿ ಮರಾಮತ್ತು. ಕನ್ನಡದಲ್ಲಿ ಅದು ಕಟ್ಟಡ, ಕೆರೆಗಳಿಗೆ ಮಾತ್ರ ಉಳಿದುಬಿಟ್ಟಿದೆ.

ಪಿಯು ಎರಡನೇ ವರ್ಷದಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂದು ಉಪನ್ಯಾಸಕರು ಕೇಳಬಹುದು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಮೊಬೈಲ್ ಅದಕ್ಕಿಂತ ಹೆಚ್ಚು ಸಮಯವನ್ನು ಕೇಳದೆಯೇ ತೆಗೆದುಕೊಳ್ಳುತ್ತಿದೆ. ಮೇಲಾಗಿ ಸ್ಕೇಲ್ ಹಿಡಿದು ಅಳೆದು, ಕಾರಣ ಹುಡುಕಿ, ಸ್ವಲ್ಪ ಸರಿಪಡಿಸಿ, ಮತ್ತೆ ಅಳೆಯುವ ಗುಣ ಪರೀಕ್ಷೆಗೂ ಬೇಕಾದದ್ದೇ. ತಾಳೆಪಟ್ಟಿ ಹೊಂದದಿದ್ದಾಗ "ನನಗೆ ಲೆಕ್ಕ ಬರುವುದಿಲ್ಲ" ಎಂದು ಪುಸ್ತಕ ಮುಚ್ಚದೆ ತಪ್ಪು ನಮೂದು ಹುಡುಕುವವರೇ ಪಾಸಾಗುವುದು.

ವಿದ್ಯಾರ್ಥಿನಿಯರ ಬಗ್ಗೆಯೂ ಒಂದು ಮಾತು. ಅವರ ಕೈಗೆ ಗಿಟಾರ್ ಸಿಕ್ಕರೂ ಸ್ಕ್ರೂಡ್ರೈವರ್ ಸಿಗುವುದಿಲ್ಲ. ತಂತಿ ಕಟ್ಟಲು ಅಣ್ಣನನ್ನೋ ತಮ್ಮನನ್ನೋ ಕಾಯಬೇಕು. ಅವನಿಗೆ ಪುರುಸೊತ್ತಿಲ್ಲದಿದ್ದರೆ ಕಲಿಕೆ ಅಲ್ಲಿಗೇ ನಿಂತಿತು. ಸೂಜಿಗೆ ದಾರ ಪೋಣಿಸುವ, ಹೊಲಿಗೆ ಯಂತ್ರದ ಬಾಬಿನ್ ಸರಿಪಡಿಸುವ ಕೈಗೆ ಬಿರಡೆಗೆ ಎರಡು ಮೂರು ಸುತ್ತು ತಂತಿ ಸುತ್ತುವುದು ಎಷ್ಟರ ಕೆಲಸ?

ಹಾಗಾಗಿ ಆಡಳಿತ ಮಂಡಳಿಗೆ, ಪ್ರಾಂಶುಪಾಲರಿಗೆ ನನ್ನದೊಂದು ವಿನಂತಿ. ವೇದಿಕೆ, ಮೈಕು, ವಾದ್ಯಗೋಷ್ಠಿ ಯಾವುದನ್ನೂ ಕೇಳುತ್ತಿಲ್ಲ. ತಿಂಗಳಿಗೊಂದು ಶನಿವಾರ ತರಗತಿ ಮುಗಿದ ಮೇಲೆ ಒಂದು ಗಂಟೆ, ಒಂದು ಕೋಣೆ, ಒಂದು ಉದ್ದನೆಯ ಮೇಜು ಕೊಡಿ. ಅಲ್ಲಿ ಒಂದು ಉಕ್ಕಿನ ಸ್ಕೇಲ್, ಮರಳು ಕಾಗದ, ತಂತಿ ಕತ್ತರಿಸುವ ಇಕ್ಕಳ, ಅಲೆನ್ ಕೀ, ಹತ್ತಿಬಟ್ಟೆ ಇರಲಿ. ಗಿಟಾರ್ ಬೇಡ ಎನ್ನುವವರು ಟೇಬಲ್ ಫ್ಯಾನೋ ಸೈಕಲ್ಲೋ ತರಲಿ. ಗೊತ್ತಿರುವವರು ಗೊತ್ತಿಲ್ಲದವರಿಗೆ ತೋರಿಸಲಿ. ಹೊಸ ಗಿಟಾರ್ ಕೊಳ್ಳಲಾಗದವರಿಗೆ, ಬೇರೆಯವರ ಅಲಮಾರಿಯ ಮೇಲಿನದು ರಿಪೇರಿಯಾಗಿ ಸಾಲವಾಗಿ ಸಿಕ್ಕರೂ ಸಿಕ್ಕೀತು.

ಅಲ್ಲಿಯವರೆಗೆ, ಗಿಟಾರ್ ಬಿಟ್ಟ ಗೆಳೆಯ ಗೆಳತಿಯರೇ, ಈ ಭಾನುವಾರ ಅದನ್ನು ಕೆಳಗಿಳಿಸಿ. ಧೂಳು ಒರೆಸಿ, 12ನೇ ಫ್ರೆಟ್‌ನ ಮೇಲೆ ಸ್ಕೇಲ್ ಇಡಿ. ಅಂತರ ಎಷ್ಟಿದೆ ಎಂದು ಬರೆದುಕೊಂಡು ಸೋಮವಾರ ಕಾಲೇಜಿಗೆ ಬನ್ನಿ. ನಿಮಗೆ ಕೈ ಇದೆಯೋ ಇಲ್ಲವೋ ಎಂಬುದನ್ನು ಆಮೇಲೆ ಮಾತಾಡೋಣ.