ಕಮಾಂಡ್ ಎಷ್ಟು ಆಳಕ್ಕೆ ಇಳಿಯಬೇಕೆಂಬುದು ಬಳಕೆದಾರರ ಹಕ್ಕು: ಹಕ್ಕೊತ್ತಾಯ ಪತ್ರ

ಗಿಟ್ ಹಾಗೂ ಸಬ್‌ವರ್ಷನ್ ತಂತ್ರಾಂಶಗಳ ನಿರ್ವಾಹಕರಿಗೆ

ಮಾನ್ಯರೇ,

ಡೈರೆಕ್ಟರಿಯೊಂದರ ಮೇಲೆ ಕಮಾಂಡ್ ಕೊಟ್ಟರೆ ಅದು ಅಲ್ಲೇ ನಿಲ್ಲುತ್ತದೆಯೋ, ತಳದವರೆಗೂ ಇಳಿಯುತ್ತದೆಯೋ ಎಂದು ತಿಳಿಯಲು ನಾವು ಪ್ರತಿ ಸಲ ಕೈಪಿಡಿ ತೆರೆಯಬೇಕಾಗಿದೆ. ಸಬ್‌ವರ್ಷನ್‌ನ ‘ರಿವರ್ಟ್’ ಹೆಸರಿಸಿದ ಡೈರೆಕ್ಟರಿಯಲ್ಲೇ ನಿಲ್ಲುತ್ತದೆ. ಅದೇ ಕೆಲಸದ ಗಿಟ್ ‘ರಿಸ್ಟೋರ್’ ಕೇಳದೆಯೇ ಎಲ್ಲ ಒಳ ಡೈರೆಕ್ಟರಿಗಳಿಗೂ ಹೋಗಿ, ಸ್ಟೇಜ್ ಮಾಡದ ತಿದ್ದುಪಡಿಗಳನ್ನೆಲ್ಲ ಅಳಿಸುತ್ತದೆ. ಹಾಗೆ ಅಳಿದ ದುಡಿಮೆ ಗಿಟ್‌ನ ಇತಿಹಾಸವನ್ನು ಸೇರಿಯೇ ಇರುವುದಿಲ್ಲವಾದ್ದರಿಂದ ಅಲ್ಲಿಂದ ಅದನ್ನು ಮರಳಿ ಪಡೆಯಲೂ ಆಗದು. ಗಿಟ್‌ನೊಳಗೇ ‘ಆರ್‌ಎಮ್’ ಒಳಗಿಳಿಯಲು ನಮ್ಮ ಅನುಮತಿ ಬೇಕು, ‘ಆ್ಯಡ್’ಗೆ ಬೇಡ. ಸಬ್‌ವರ್ಷನ್ 2008ರಲ್ಲೇ, ತನ್ನ 1.5 ಆವೃತ್ತಿಯಲ್ಲಿ, ಆಳಕ್ಕೆ ಎಂಪ್ಟಿ, ಫೈಲ್ಸ್, ಇಮೀಡಿಯೆಟ್ಸ್, ಇನ್ಫಿನಿಟಿ ಎಂದು ನಾಲ್ಕು ಹೆಸರು ಕೊಟ್ಟಿತು. ಆದ್ದರಿಂದ ಆಳವನ್ನು ಬಳಕೆದಾರರ ಆಯ್ಕೆಗೆ ಬಿಡುವುದು ಆಗದ ಕೆಲಸವೆಂಬ ಉತ್ತರವನ್ನು ನಾವು ಒಪ್ಪುವುದಿಲ್ಲ.

ನಮ್ಮ ಹಕ್ಕೊತ್ತಾಯಗಳು:

1. ತಿದ್ದುಪಡಿ ಅಳಿಸುವ ಯಾವ ಕಮಾಂಡೂ ಬಳಕೆದಾರರು ಸ್ಪಷ್ಟವಾಗಿ ಹೇಳದ ಹೊರತು ಒಳ ಡೈರೆಕ್ಟರಿಗಳಿಗೆ ಇಳಿಯಕೂಡದು.

2. ಗಿಟ್ ‘ಕ್ಲೀನ್’ಗೆ ಇರುವಂತೆ ‘ರಿಸ್ಟೋರ್’ಗೂ, ಏನೇನು ಅಳಿಯಲಿದೆ ಎಂದು ಮೊದಲೇ ಪಟ್ಟಿ ತೋರಿಸುವ ‘ಡ್ರೈ-ರನ್’ ಸೌಲಭ್ಯ ಕೊಡಬೇಕು.

3. ಒಂದೇ ಹಂತ ಇಲ್ಲವೇ ಎಲ್ಲ ಹಂತ ಎಂಬ ಆಯ್ಕೆ ದೊಡ್ಡ ರಿಪಾಸಿಟರಿಗಳಿಗೆ ಸಾಲದಾದ್ದರಿಂದ, ಗಿಟ್ ‘ಗ್ರೆಪ್’ನಲ್ಲಿರುವ ‘ಮ್ಯಾಕ್ಸ್-ಡೆಪ್ತ್’ ಅನ್ನು ‘ಆ್ಯಡ್’, ‘ರಿಸ್ಟೋರ್’, ‘ಎಲ್‌ಎಸ್-ಟ್ರೀ’ಗಳಿಗೂ ವಿಸ್ತರಿಸಬೇಕು.

4. ಹುಡುಕುವ ಹಾದಿಯಲ್ಲಿ ವೈಲ್ಡ್‌ಕಾರ್ಡ್ ಇದ್ದರೆ ‘ಗ್ರೆಪ್’ ತನ್ನ ‘ಮ್ಯಾಕ್ಸ್-ಡೆಪ್ತ್’ ಮಿತಿಯನ್ನೇ ಕೈಬಿಡುವುದರಿಂದ, ಹಾಗೆ ಕೈಬಿಟ್ಟಾಗಲೆಲ್ಲ ಪರದೆಯ ಮೇಲೆ ಎಚ್ಚರಿಕೆ ಮೂಡಬೇಕು.

5. ಗಿಟ್ ‘ಕ್ಲೋನ್’ನ ‘ಡೆಪ್ತ್’ ಇತಿಹಾಸದ ಆಳವೇ ಹೊರತು ಡೈರೆಕ್ಟರಿಯ ಆಳವಲ್ಲ ಎಂದು ಕೈಪಿಡಿಯ ಆ ಭಾಗದ ಮೊದಲ ಸಾಲಿನಲ್ಲೇ ಬರೆಯಬೇಕು.

6. ಸಬ್‌ವರ್ಷನ್ ‘ಅಪ್‌ಡೇಟ್’ನಲ್ಲಿ ‘ಡೆಪ್ತ್’ ಆ ಒಂದು ಸಲಕ್ಕೆ, ‘ಸೆಟ್-ಡೆಪ್ತ್’ ಮುಂದೆಯೂ ಅನ್ವಯಿಸುವುದರಿಂದ, ಯಾವುದು ಜಾರಿಯಾಯಿತೆಂದು ಕಮಾಂಡ್ ಮುಗಿದೊಡನೆ ತಿಳಿಸಬೇಕು.

7. ಸಬ್‌ಮಾಡ್ಯೂಲ್‌ಗಳೊಳಗೆ ಎಷ್ಟು ಹಂತ ಇಳಿಯಬೇಕೆಂದು ಸಂಖ್ಯೆಯಲ್ಲಿ ಹೇಳುವ ಅವಕಾಶ ಇರಬೇಕು.

8. ಈಗಿನ ವರ್ತನೆಯನ್ನೇ ನಂಬಿದ ಹಳೆಯ ಸ್ಕ್ರಿಪ್ಟ್‌ಗಳು ಮುರಿಯದಂತೆ ಈ ಬದಲಾವಣೆಗಳನ್ನು ಮೊದಲು ಐಚ್ಛಿಕ ಸೆಟ್ಟಿಂಗ್ ಆಗಿ ಕೊಟ್ಟು, ಮುನ್ಸೂಚನೆಯ ನಂತರವೇ ಪೂರ್ವನಿಯೋಜಿತ ವರ್ತನೆಯಾಗಿಸಬೇಕು.

ಪ್ರತಿಯೊಂದು ಹಕ್ಕೊತ್ತಾಯಕ್ಕೂ, ಯಾವ ಆವೃತ್ತಿಯಲ್ಲಿ ಅದು ಜಾರಿಯಾಗುತ್ತದೆಂಬ ಬಹಿರಂಗ ಲಿಖಿತ ಉತ್ತರ ನೀಡಿ. ಮೊದಲ ಎರಡನ್ನು, ಎಂಟನೆಯದರಲ್ಲಿ ಹೇಳಿದಂತೆ ಐಚ್ಛಿಕವಾಗಿ, ಮುಂದಿನ ಆವೃತ್ತಿಯಲ್ಲೇ ಜಾರಿಗೊಳಿಸಿ.

ಇಂತಿ,
ಬಳಕೆದಾರರ ಪರವಾಗಿ