ಕೋವಿ ಮಾರಾಟವೂ ಮೊಬೈಲಿನ ಹರಾಜೂ



ಗೊಬ್ಬರಕ್ಕೆ, ಮೈಲುತುತ್ತಕ್ಕೆ ಎಂದು ಸಂಘದ ಕಚೇರಿಗೆ ಬರುವ ಸದಸ್ಯರು ಈಚೆಗೆ ಹೊಸದೊಂದು ಪ್ರಶ್ನೆ ಕೇಳತೊಡಗಿದ್ದಾರೆ. ಮನೆಯಲ್ಲಿ ಹೆಚ್ಚಿಗೆ ಉಳಿದ ಕೋವಿಯನ್ನು ಮೊಬೈಲಿನಲ್ಲಿ ಹರಾಜಿಗೆ ಹಾಕಿ ಮಾರಬಹುದೇ, ಹಾಗೆ ಹಾಕಿದವರಿಂದ ಕೊಳ್ಳಬಹುದೇ ಎಂಬುದು ಆ ಪ್ರಶ್ನೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಹೇಳುವ ಬದಲು ನಮ್ಮ ಅಭಿಪ್ರಾಯವನ್ನು ಇಲ್ಲಿಯೇ ಬರೆಯುವುದು ಲೇಸೆಂದು ತೋರಿತು.

ಪ್ರಶ್ನೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ವಿಜಯಪುರದಲ್ಲಿ ಬೆಳೆದವರಿಗೆ ರೇಷ್ಮೆಗೂಡಿನ ಮಾರುಕಟ್ಟೆಯ ಹರಾಜು ಹೊಸದಲ್ಲ. ರಾಜ್ಯದ ಗೂಡಿನ ಮಾರುಕಟ್ಟೆಗಳಿಗೆ ಇ-ಹರಾಜೂ ಬಂದಿದೆ. ಅಡಿಕೆಗೆ ಎ.ಪಿ.ಎಂ.ಸಿ.ಗಳಲ್ಲಿ ಆನ್‌ಲೈನ್ ಟೆಂಡರು ನಡೆಯುತ್ತದೆ. 1990ರ ದಶಕದ ಮಧ್ಯದವರೆಗೂ ಕಾಫಿ ಮಂಡಳಿಯ ಪೂಲಿಗೆ ಹಾಕಿ ಕಂತಿನ ಹಣಕ್ಕೆ ಕಾದು ಕುಳಿತವರು ಈಗ ಜಗಲಿಯ ಮೇಲೆ ಕುಳಿತೇ ದಿನದ ಧಾರಣೆ ನೋಡುತ್ತಾರೆ. ಕೋವಿಗೇಕೆ ಆಗದು ಎಂದು ಕೇಳುವುದು ಸಹಜವೇ.

ಇನ್ನೊಂದು ಒತ್ತಡವೂ ಇದೆ. 2019ರ ಆಯುಧ ತಿದ್ದುಪಡಿ ಕಾಯಿದೆಯು ಒಬ್ಬ ಸಾಮಾನ್ಯ ಲೈಸೆನ್ಸುದಾರ ಇಟ್ಟುಕೊಳ್ಳಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮೂರನೆಯದನ್ನು 2020ರ ಡಿಸೆಂಬರಿನೊಳಗೆ ಠಾಣೆಗೋ ಲೈಸೆನ್ಸು ಪಡೆದ ವ್ಯಾಪಾರಿಗೋ ಒಪ್ಪಿಸಬೇಕಾಯಿತು. ಹಿರಿಯರಿಂದ ಬಂದ ಕೋವಿಗೂ ಇದೇ ಮಿತಿ. ಮಾರಲೇಬೇಕಾದವನ ಸರಕಿಗೆ ಬೆಲೆ ಎಲ್ಲಿಯದು? ತಂದೆಯವರ ಕಾಲದ ಜೋಡುನಳಿಗೆ ಕೋವಿಗೆ ವ್ಯಾಪಾರಿ ಹೇಳಿದ ಮೊತ್ತ ಕೇಳಿ ಮುಖ ಸಣ್ಣದು ಮಾಡಿಕೊಂಡು ಹಿಂತಿರುಗಿದವರನ್ನು ನಾವು ಕಂಡಿದ್ದೇವೆ. ಅಂಥವರು ಮೊಬೈಲಿನತ್ತ ತಿರುಗಿದರೆ ದೂರುವಂತಿಲ್ಲ.

ಆದರೂ ಬೇಡವೆಂಬುದೇ ನಮ್ಮ ಸಲಹೆ. ಅಡಿಕೆ ಮೂಟೆಯನ್ನು ಯಾರು ಕೊಂಡರೇನು, ಹಣ ಬಂದರೆ ಸಾಕು. ಕೋವಿಯ ವಿಷಯದಲ್ಲಿ ಕೊಳ್ಳುವವನು ಯಾರೆಂಬುದೇ ಮೊದಲ ಮಾತು. 1959ರ ಆಯುಧ ಕಾಯಿದೆಯ 5ನೆಯ ಕಲಮಿನಂತೆ, ಸ್ವಂತ ಉಪಯೋಗಕ್ಕೆಂದು ಇಟ್ಟುಕೊಂಡ ಕೋವಿಯನ್ನು ಅದನ್ನು ಹೊಂದಲು ಅರ್ಹನಾದ ಇನ್ನೊಬ್ಬನಿಗೆ ಮಾರಲು ನಮಗೆ ವ್ಯಾಪಾರದ ಲೈಸೆನ್ಸು ಬೇಕಿಲ್ಲ. ಆದರೆ ಮಾರುವ ಉದ್ದೇಶವನ್ನೂ ಕೊಳ್ಳುವವನ ಹೆಸರು ವಿಳಾಸವನ್ನೂ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣಾಧಿಕಾರಿಗೆ ಬರಹದಲ್ಲಿ ತಿಳಿಸಿ, ಅಲ್ಲಿಂದ ಕನಿಷ್ಠ 45 ದಿನ ಕಾಯಬೇಕು. ಸಂಜೆಗೆ ಹರಾಜು ಮುಗಿದು ಬೆಳಗ್ಗೆ ಸರಕು ಸಾಗಿಸುವ ವ್ಯವಹಾರಕ್ಕೆ ಇಲ್ಲಿ ಎಡೆಯಿಲ್ಲ. ಕೊಳ್ಳುವವನು ಅರ್ಹನೇ ಎಂದು ಖಚಿತಪಡಿಸಿಕೊಳ್ಳದೆ ಕೋವಿಯನ್ನು ಅವನ ಕೈಗೆ ಕೊಡುವುದೂ ಅಪರಾಧವೇ. ಅದಕ್ಕೆ ಮಾರಿದವನೇ ಹೊಣೆ.

ಅರ್ಹತೆ ಎಂದರೆ ಯಾವುದೋ ಒಂದು ಲೈಸೆನ್ಸಿನ ಫೋಟೋ ಅಲ್ಲ. ಬೆಳೆ ರಕ್ಷಣೆಗೆಂದು ಕೇಪಿನ ಕೋವಿಗೆ ಅನುಮತಿ ಪಡೆದವರು ಅದನ್ನೇ ತೋರಿಸಿ ತೋಟಾ ಕೋವಿ ಕೊಳ್ಳುವಂತಿಲ್ಲ. ಅವಧಿ ಮುಗಿದಿದೆಯೇ, ರಾಷ್ಟ್ರೀಯ ದಾಖಲೆಯ ಯು.ಐ.ಎನ್. ಸಂಖ್ಯೆ ಇದೆಯೇ, ಇದನ್ನೆಲ್ಲ ಮೂಲ ಪುಸ್ತಕದಲ್ಲಿಯೇ ನೋಡಬೇಕು. ಕೊಡಗಿನ ಕಡೆ ತೋಟವಿರುವ ಸದಸ್ಯರಿಗೆ ಒಂದು ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ 2029ರ ಅಕ್ಟೋಬರ್ ಅಂತ್ಯದವರೆಗೆ ಮುಂದುವರಿದಿದೆ. ಅದು ಆ ಜನರಿಗೆ ಕೊಟ್ಟದ್ದು. ಕೋವಿಯ ಜೊತೆಗೆ ಕೊಂಡವನ ಮನೆಗೆ ಬರುವುದಿಲ್ಲ.

ಇನ್ನು ಮೋಸದ ವಿಷಯ. ನಮ್ಮ ಸದಸ್ಯರೊಬ್ಬರು ಕೆತ್ತನೆಯ ಕೆಲಸವಿರುವ ವಿಲಾಯತಿ ಕೋವಿಯ ಜಾಹೀರಾತನ್ನು ಮೊಬೈಲಿನಲ್ಲಿ ನೋಡಿದರು. ಊರು ವಿಜಯಪುರ ಎಂದಿತ್ತು. ನಮ್ಮೂರಿನವರೇ ಇರಬೇಕೆಂದು ಮುಂಗಡ ಕಳುಹಿಸಿದರು. ಆಮೇಲೆ ಅದು 2014ರವರೆಗೆ ಬಿಜಾಪುರವಾಗಿದ್ದ ವಿಜಯಪುರವೆಂಬ ಉತ್ತರ ಬಂತು. ಸಾಗಾಣಿಕೆಗೆಂದು ಮತ್ತಷ್ಟು ಹಣ ಕೇಳಿದರು. ಮರುದಿನ ಆ ನಂಬರೇ ಇಲ್ಲ. (ನಮ್ಮೂರಿನ ಕಾಗದಗಳು ಅಲ್ಲಿಗೆ ಹೋಗಿ ಬರುವುದು ನಮಗೆ ಅಭ್ಯಾಸವಾಗಿದೆ, ಹಣವೂ ಹೋಗಬೇಕೇ?) ಕೋವಿಯ ವ್ಯವಹಾರವಾದ್ದರಿಂದ ದೂರು ಕೊಡಲು ಅವರು ಅಂಜಿದರು. ಮೋಸಗಾರರು ನೆಚ್ಚಿಕೊಂಡಿರುವುದು ಈ ಅಂಜಿಕೆಯನ್ನೇ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಬೇಕು.

ಕೋವಿ ನಿಜವಾಗಿಯೇ ಇದೆಯೆಂದಿಟ್ಟುಕೊಂಡರೂ ನಳಿಗೆಯೊಳಗಿನ ತುಕ್ಕಿನ ಗುಳಿ ಫೋಟೋದಲ್ಲಿ ಕಾಣದು. ನಳಿಗೆಯ ಮೇಲಿನ ಸಂಖ್ಯೆಯೂ ಲೈಸೆನ್ಸಿನ ಸಂಖ್ಯೆಯೂ ತಾಳೆಯಾಗುತ್ತವೆಯೇ ಎಂಬುದನ್ನು ಕೈಯಲ್ಲಿ ಹಿಡಿದೇ ನೋಡಬೇಕು. ಕರಿಮದ್ದಿಗೆಂದು ಮಾಡಿದ ಹಳೆಯ ನಳಿಗೆಗೆ ಇಂದಿನ ತೋಟಾ ಹಾಕಿ ಹಾರಿಸಿದರೆ ಒಡೆಯುವ ಅಪಾಯವುಂಟು.

ಅಮೆರಿಕದಲ್ಲಿ ಕೋವಿಗಳ ಆನ್‌ಲೈನ್ ಹರಾಜು ಇದೆಯಲ್ಲ ಎಂದು ಓದಿದ ಹುಡುಗರು ನಮಗೆ ಹೇಳುತ್ತಾರೆ. ಇದೆ. ಈಬೇ ಸಂಸ್ಥೆ 1999ರಲ್ಲಿ ಕೋವಿ ಮಾರಾಟವನ್ನು ನಿಲ್ಲಿಸಿತು. ಅದೇ ವರ್ಷ ಗನ್‌ಬ್ರೋಕರ್ ಎಂಬ ಹರಾಜು ತಾಣ ಪ್ರಾರಂಭವಾಯಿತು. ಆದರೆ ಅಲ್ಲಿಯೂ ಬೇರೆ ರಾಜ್ಯದವನು ಹರಾಜಿನಲ್ಲಿ ಗೆದ್ದ ಕೋವಿ ನೇರವಾಗಿ ಅವನ ಮನೆಗೆ ಬರುವುದಿಲ್ಲ. ಅವನ ಊರಿನ ಲೈಸೆನ್ಸುದಾರ ವ್ಯಾಪಾರಿಯ ಅಂಗಡಿಗೆ ಬಂದು, ಅಲ್ಲಿ ಅವನ ಪೂರ್ವಾಪರ ವಿಚಾರಣೆಯಾದ ಮೇಲೆಯೇ ಕೈಗೆ ಸಿಗುತ್ತದೆ. ಬೆಲೆ ಕಟ್ಟುವುದು ಯಂತ್ರ, ಕೋವಿ ಕೊಡುವುದು ಹೊಣೆಯುಳ್ಳ ಮನುಷ್ಯ. ನಮ್ಮಲ್ಲಿ ಕೊರಿಯರಿನ ಹುಡುಗನಿಗೆ ಪೆಟ್ಟಿಗೆ ಒಪ್ಪಿಸುವ ಮಾತಾಡುವವರು ಇದನ್ನು ಗಮನಿಸಬೇಕು. ಲೈಸೆನ್ಸಿಲ್ಲದವನು ಮಾಲೀಕನ ಬರಹದ ಅಧಿಕಾರದ ಮೇಲೆ ಕೋವಿ ಒಯ್ಯಬಹುದಾದರೂ ಅದು ರಿಪೇರಿ, ನವೀಕರಣ, ಇಲ್ಲವೇ ಮಾಲೀಕನ ಉಪಯೋಗಕ್ಕೆ ಮಾತ್ರ. ಮಾರಾಟ ಅದರಲ್ಲಿ ಸೇರಿಲ್ಲ.

ಹಾಗಾದರೆ ಬೆಳೆಗಾರ ವ್ಯಾಪಾರಿ ಕೊಟ್ಟಷ್ಟಕ್ಕೆ ಕೈಮುಗಿಯಬೇಕೇ? ಕೂಡದೆಂಬುದೇ ನಮ್ಮ ವಾದ. ಕೋವಿಗಳ, ಲೈಸೆನ್ಸುಗಳ ರಾಷ್ಟ್ರೀಯ ದಾಖಲೆ ಸರ್ಕಾರದ ಕೈಯಲ್ಲಿದೆ. ಮಾರಲು ಸಿದ್ಧವಿರುವ ಕೋವಿಗಳ ಒಂದು ಪಟ್ಟಿಯನ್ನು ಅದರಲ್ಲಿಯೇ ತೆರೆದು, ಲೈಸೆನ್ಸುದಾರರು ಮಾತ್ರ ಬೆಲೆ ಕೂಗುವಂತೆ ಮಾಡಿ, ಹಸ್ತಾಂತರವನ್ನು ಠಾಣೆಯಲ್ಲಿಯೋ ವ್ಯಾಪಾರಿಯ ಅಂಗಡಿಯಲ್ಲಿಯೋ ನಡೆಸಿದರೆ, ಬೆಳೆಗಾರನಿಗೆ ನ್ಯಾಯವಾದ ಬೆಲೆಯೂ ಸಿಕ್ಕೀತು, ಕಳ್ಳ ಹರಾಜಿಗೆ ಗಿರಾಕಿಯೂ ತಪ್ಪಿಯಾನು. ಈ ಆಶಯದ ನಿರ್ಣಯವನ್ನು ಬರುವ ಮಹಾಸಭೆಯ ಮುಂದಿಡುತ್ತೇವೆ.

ತಂದೆ ತೀರಿಕೊಂಡ ಮೇಲೆ ಕೋವಿಯನ್ನು ಅಟ್ಟದ ಮೇಲೆ ಇಟ್ಟು ಮರೆತಿರುವ ಮನೆಗಳು ನಮ್ಮಲ್ಲಿ ಇಲ್ಲದಿಲ್ಲ. ವಾರಸುದಾರರು ಅದನ್ನು ತಡಮಾಡದೆ ಠಾಣೆಯಲ್ಲಿ ಅಥವಾ ಲೈಸೆನ್ಸುದಾರ ವ್ಯಾಪಾರಿಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಬೇಕು. ಠೇವಣಿ ಇಟ್ಟ ಮಾತ್ರಕ್ಕೆ ಕೋವಿ ಕೈಬಿಟ್ಟಂತಲ್ಲ. ಗೊತ್ತುಪಡಿಸಿದ ಅವಧಿಯೊಳಗೆ ಅರ್ಹನಾದವನಿಗೆ ಮಾರಿಸುವ ಹಕ್ಕು 21ನೆಯ ಕಲಮಿನಂತೆ ವಾರಸುದಾರರಿಗೆ ಇದೆ. ಅವಧಿ ಮೀರಿದರೆ ಮುಟ್ಟುಗೋಲು.

ಬೀರಸಂದ್ರದ ಜಿಲ್ಲಾಡಳಿತ ಭವನಕ್ಕೆ ಕೊಡಬೇಕಾದ 45 ದಿನಗಳ ಸೂಚನಾ ಪತ್ರದ ಮಾದರಿಯನ್ನು ಸಂಘದ ಕಚೇರಿಯಲ್ಲಿ ಬರೆಸಿಟ್ಟಿದ್ದೇವೆ. ಬೇಕಾದವರು ಲೈಸೆನ್ಸು ಪುಸ್ತಕದೊಂದಿಗೆ ಬರುವುದು. ಕೋವಿಯನ್ನು ದಯವಿಟ್ಟು ಮನೆಯಲ್ಲಿಯೇ ಬಿಟ್ಟು ಬನ್ನಿ.

— ಕಾರ್ಯದರ್ಶಿ