ಕೌಂಟರಿನವನನ್ನು ಬದಲಿಸುವ ಮುನ್ನ

ಕನ್ನಡ ವಿಕಿಪೀಡಿಯದಲ್ಲಿ ನೀವು ಕುವೆಂಪು ಅವರ ಪುಟ ತೆರೆಯುತ್ತೀರಿ ಎನ್ನಿ. ಕಣ್ಣು ಮಿಟುಕಿಸುವಷ್ಟರಲ್ಲಿ ಪುಟ ಹಾಜರು. ಕೊಟ್ಟವರು ಯಾರು? ಪುಟವನ್ನು ಸಿದ್ಧಪಡಿಸುವ ಮೂಲ ಯಂತ್ರಗಳಿರುವುದು ಅಮೆರಿಕದ ವರ್ಜೀನಿಯ ಮತ್ತು ಟೆಕ್ಸಸ್‌ನಲ್ಲಿ. ಬಹುತೇಕ ವೇಳೆ ನೀವು ಬಂದದ್ದೂ ಅವಕ್ಕೆ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಆ್ಯಮ್‌ಸ್ಟರ್‌ಡ್ಯಾಮ್, ಸಿಂಗಪುರ ಮುಂತಾದ ಕಡೆ ನಕಲುಗಳನ್ನು ಇಟ್ಟುಕೊಂಡು ಕುಳಿತ ಬೇರೆ ಯಂತ್ರಗಳಿವೆ. ಕೇಳಿದವರ ಕೈಗೆ ಅವೇ ಹಂಚಿಬಿಡುತ್ತವೆ. ಇಂಥ ನಡುವಿನವನಿಗೆ ಕಂಪ್ಯೂಟರ್ ಮಂದಿ ‘ರಿವರ್ಸ್ ಪ್ರಾಕ್ಸಿ’ ಎನ್ನುತ್ತಾರೆ. ಅವನ ನಕಲುಗಳ ದಾಸ್ತಾನಿಗೆ ‘ಕ್ಯಾಶ್’ ಎಂದು ಹೆಸರು. (ಗಲ್ಲಾಪೆಟ್ಟಿಗೆಯ ಕ್ಯಾಶ್ ಅಲ್ಲ, ಆದರೆ ಉಳಿತಾಯವೇನೋ ನಗದೇ!)

ನಮ್ಮ ದರ್ಶಿನಿ ಹೋಟೆಲುಗಳ ಕೌಂಟರನ್ನು ನೆನಪಿಸಿಕೊಳ್ಳಿ. ಇಡ್ಲಿ, ವಡೆ ಅಲ್ಲೇ ಜೋಡಿಸಿಟ್ಟಿರುತ್ತದೆ. ಕೇಳಿದ ತಕ್ಷಣ ತಟ್ಟೆಗೆ ಬಂತು. ಮಸಾಲೆ ದೋಸೆಗೆ ಮಾತ್ರ ಒಳಗೆ ಕೂಗಬೇಕು. ಹೀಗಿರುವಾಗ ಈ ಕೌಂಟರಿನವನನ್ನೇ ಬದಲಿಸಬೇಕು ಎಂಬ ಮಾತು ಬಂದರೆ ಏನನ್ನು ನೋಡಿ ತೀರ್ಮಾನಿಸುತ್ತೀರಿ? ಬಹಳಷ್ಟು ಮಂದಿ ನೋಡುವುದು ಕೈಚಳಕವನ್ನು. ಸೆಕೆಂಡಿಗೆ ಎಷ್ಟು ಸಾವಿರ ಪುಟ ಎಂದು ಅಳೆದು, ಹೆಚ್ಚು ಬಂದವನಿಗೆ ಹಾರ ಹಾಕುತ್ತಾರೆ.

ಇದಕ್ಕೆ ಕಾರಣವೂ ಉಂಟು. 2006ರಲ್ಲಿ ಡೆನ್ಮಾರ್ಕಿನ ಪೌಲ್-ಹೆನ್ನಿಂಗ್ ಕಾಂಪ್ ಎಂಬ ತಂತ್ರಜ್ಞ ನಾರ್ವೆಯ ‘ವೆರ್ಡೆನ್ಸ್ ಗಾಂಗ್’ ಪತ್ರಿಕೆಗಾಗಿ ‘ವಾರ್ನಿಶ್’ ಎಂಬ ತಂತ್ರಾಂಶ ಬರೆದ. ಅದುವರೆಗೆ ‘ಸ್ಕ್ವಿಡ್’ ಎಂಬ ಹಳೆಯ ತಂತ್ರಾಂಶವನ್ನು 12 ಯಂತ್ರಗಳಲ್ಲಿ ಓಡಿಸುತ್ತಿದ್ದ ಕಡೆ 3 ಯಂತ್ರ ಸಾಕಾಯಿತು. ಕಾಂಪ್‌ನ ವಾದ ಸರಳ. ಯಾವುದು ಮೆಮೊರಿಯಲ್ಲಿರಬೇಕು, ಯಾವುದು ಡಿಸ್ಕಿಗೆ ಹೋಗಬೇಕು ಎಂದು ನೋಡಿಕೊಳ್ಳಲು ಆಪರೇಟಿಂಗ್ ಸಿಸ್ಟಮ್ ಇದೆ. ಅದರ ಕೆಲಸದಲ್ಲಿ ತಂತ್ರಾಂಶ ಏಕೆ ಮೂಗು ತೂರಿಸಬೇಕು? ಇಂಥ ಕಥೆ ಕೇಳಿದ ಮೇಲೆ ಯಾರಿಗಾದರೂ ವೇಗದ ಹುಚ್ಚು ಹಿಡಿಯದಿರುತ್ತದೆಯೆ?

ಆದರೆ ನಕಲು ಸಿದ್ಧವಿದ್ದಾಗ ಎಲ್ಲರೂ ವೇಗಿಗಳೇ. ಅಸಲಿ ಪರೀಕ್ಷೆ ತಟ್ಟೆ ಖಾಲಿಯಾದಾಗ. ಒಂದು ಸಣ್ಣ ಲೆಕ್ಕ ಮಾಡೋಣ. ಲಕ್ಷ ಜನ ಬಂದರು, ಅವರಲ್ಲಿ ನೂರಕ್ಕೆ 95 ಮಂದಿಗೆ ಕೌಂಟರಿನಲ್ಲೇ ಸಿಕ್ಕಿತು. ಅಡುಗೆಮನೆಗೆ ಹೋದ ಕೂಗು 5,000. ಹೊಸಬ ಬಂದ ಮೇಲೆ ಅದು 95ರಿಂದ 90ಕ್ಕೆ ಇಳಿಯಿತು ಎನ್ನಿ. ಐದೇ ಅಂಶ ತಾನೆ ಎಂದು ನೀವು ಸಮಾಧಾನಪಟ್ಟುಕೊಳ್ಳಬಹುದು. ಒಳಗಿರುವ ಅಡುಗೆ ಭಟ್ಟರನ್ನು ಕೇಳಿ: ಅವರಿಗೆ ಬಂದ ಕೂಗು 10,000, ಅಂದರೆ ಇಮ್ಮಡಿ! ಇನ್ನು ಕೌಂಟರೇ ಪೂರ್ತಿ ಬರಿದಾದರೆ ಲಕ್ಷವೂ ಒಳಗೇ ನುಗ್ಗುತ್ತದೆ.

2009ರ ಜೂನ್ 25ರಂದು ಮೈಕೆಲ್ ಜಾಕ್ಸನ್ ತೀರಿಕೊಂಡ ದಿನ ವಿಕಿಪೀಡಿಯಕ್ಕೆ ಇದರ ರುಚಿ ಸಿಕ್ಕಿತು. ಒಂದೇ ಪುಟವನ್ನು ಓದಲು ಜನ ಮುಗಿಬಿದ್ದರು. ಅದೇ ಪುಟವನ್ನು ಇನ್ನು ಕೆಲವರು ತಿದ್ದುತ್ತಲೇ ಇದ್ದರು. ತಿದ್ದಿದಾಗಲೆಲ್ಲ ಹಳೆಯ ನಕಲು ರದ್ದು. ಒಳಗಿನ ಯಂತ್ರಗಳೆಲ್ಲ ಒಟ್ಟೊಟ್ಟಿಗೆ ಅದೇ ಪುಟವನ್ನು ಹೊಸದಾಗಿ ಬೇಯಿಸಲು ಕುಳಿತವು. ತಾಣ ಸ್ವಲ್ಪ ಹೊತ್ತು ಮಕಾಡೆ ಮಲಗಿತು. ಒಬ್ಬ ಬೇಯಿಸಲಿ, ಉಳಿದವರು ಕಾಯಲಿ ಇಲ್ಲವೇ ಹಳೆಯದನ್ನೇ ಕೊಡಲಿ ಎಂಬ ಏರ್ಪಾಡು ಆಮೇಲೆ ಬಂತು. ಹೊಸ ಪ್ರಾಕ್ಸಿಯನ್ನು ತೂಗಿನೋಡುವವರು ಮೊದಲು ಕೇಳಬೇಕಾದದ್ದು ಇದನ್ನೇ: ಒಂದೇ ಪುಟಕ್ಕೆ ಸಾವಿರ ಕೂಗು ಬಿದ್ದರೆ ಒಳಗೆ ಒಂದು ಸಲ ಕೂಗುತ್ತದೋ, ಸಾವಿರ ಸಲವೋ?

2018ರ ಹೊತ್ತಿಗೆ ವಿಕಿಪೀಡಿಯದವರು ವಾರ್ನಿಶ್‌ನಿಂದ ‘ಅಪಾಚೆ ಟ್ರಾಫಿಕ್ ಸರ್ವರ್’ ಕಡೆ ಹೊರಳಲು ಯೋಚಿಸಿದ್ದೂ ವೇಗಕ್ಕಾಗಿ ಅಲ್ಲ. ಅವರದು ಎರಡು ಸಾಲಿನ ವ್ಯವಸ್ಥೆ. ಮುಂದೆ ಮೆಮೊರಿಯ ದಾಸ್ತಾನು, ಹಿಂದೆ ಡಿಸ್ಕಿನ ಉಗ್ರಾಣ. ಉಗ್ರಾಣದಲ್ಲಿದ್ದ ವಾರ್ನಿಶ್ ದಿನ ಕಳೆದಂತೆ ಏದುಸಿರು ಬಿಡುತ್ತಿತ್ತು. ಯಂತ್ರಗಳನ್ನು ಸರದಿಯ ಮೇಲೆ ನಿಲ್ಲಿಸಿ ಮತ್ತೆ ಶುರು ಮಾಡಬೇಕಿತ್ತು. ಪ್ರತಿ ಸಲವೂ ಡಿಸ್ಕಿನಲ್ಲಿದ್ದುದೆಲ್ಲ ಲೆಕ್ಕದಿಂದ ಹೊರಗೆ! ಉತ್ತಮ ಡಿಸ್ಕ್ ವ್ಯವಸ್ಥೆ ಕಾಸು ಕೊಟ್ಟವರ ಆವೃತ್ತಿಗೆ ಮೀಸಲಾಗಿತ್ತು. ಜತೆಗೆ ಉಚಿತ ವಾರ್ನಿಶ್‌ಗೆ ಗೂಢಲಿಪಿಯ ಸಂಪರ್ಕ ಬರುತ್ತಿರಲಿಲ್ಲ. ಅದಕ್ಕೆ ಬೇರೆ ತಂತ್ರಾಂಶಗಳ ಊರುಗೋಲು ಬೇಕಿತ್ತು. ಹೊಸಬನಿಗೆ ಗೂಢಲಿಪಿಯೂ ಬರುತ್ತದೆ, ಡಿಸ್ಕನ್ನು ತಾನೇ ನೋಡಿಕೊಳ್ಳುವ ಹಳೆಯ ಕಾಲದ ಚಾಳಿಯೂ ಇದೆ. ಮರುಹುಟ್ಟು ಪಡೆದರೂ ಉಗ್ರಾಣ ಮರೆಯುವುದಿಲ್ಲ. ತಮಾಷೆ ನೋಡಿ, ಇವನ ಮೂಲ 1990ರ ದಶಕದ ಇಂಕ್‌ಟೋಮಿ ಕಂಪನಿ. ಅದನ್ನು ಯಾಹೂ ಕೊಂಡು, 2009ರಲ್ಲಿ ತಂತ್ರಾಂಶವನ್ನು ಅಪಾಚೆ ಪ್ರತಿಷ್ಠಾನಕ್ಕೆ ದಾನ ಕೊಟ್ಟಿತು. ಮೂಗು ತೂರಿಸಬೇಡ ಎಂದ ಕಾಂಪ್‌ನ ಜಾಣ್ಮೆ ಡಿಸ್ಕಿನ ಉಗ್ರಾಣದಲ್ಲಿ ಸೋತಿತ್ತು.

ಇನ್ನೊಂದು ಅಪಾಯವಂತೂ ಖಾಲಿ ತಟ್ಟೆಗಿಂತ ಕೆಟ್ಟದ್ದು. ಅದು ಒಬ್ಬರ ತಟ್ಟೆಯನ್ನು ಇನ್ನೊಬ್ಬರ ಮುಂದೆ ಇಡುವುದು. 2015ರ ಕ್ರಿಸ್‌ಮಸ್ ದಿನ ಆಟಗಳನ್ನು ಮಾರುವ ‘ಸ್ಟೀಮ್’ ತಾಣದ ಮೇಲೆ ಕಿಡಿಗೇಡಿಗಳ ದಾಳಿ ನಡೆದಿತ್ತು. ಅದನ್ನು ತಡೆಯಲು ಕ್ಯಾಶ್ ನಿಯಮಗಳನ್ನು ಅವಸರದಲ್ಲಿ ಬದಲಿಸಿದರು. ನಿಯಮ ಕೈಕೊಟ್ಟಿತು. ಒಳಗೆ ಲಾಗಿನ್ ಆದವರ ಸ್ವಂತ ಪುಟಗಳೂ ನಕಲಾಗಿ ಅಪರಿಚಿತರ ಪರದೆಗೆ ಬಂದವು. ವಿಳಾಸ, ಇ-ಮೇಲ್, ಏನೇನು ಕೊಂಡಿದ್ದರು ಎಂಬ ಪಟ್ಟಿ! ತೊಂದರೆಗೆ ಒಳಗಾದವರು ಸುಮಾರು 34,000 ಮಂದಿ ಎಂದು ಕಂಪನಿಯೇ ಹೇಳಿತು.

ಪ್ರಾಕ್ಸಿ ಬದಲಿಸುವಾಗ ಇಂಥದು ನುಸುಳುವ ಸಂದು ಎಲ್ಲಿದೆ ಗೊತ್ತೆ? ಯಾರೂ ಬರೆದಿಡದ ನಿಯಮಗಳಲ್ಲಿ. ಕೋರಿಕೆಯ ಜತೆ ‘ಕುಕಿ’ ಎಂಬ ಗುರುತಿನ ಚೀಟಿ ಇದ್ದರೆ ವಾರ್ನಿಶ್ ತಾನಾಗಿಯೇ ಅದನ್ನು ಒಳಗೆ ಕಳಿಸಿಬಿಡುತ್ತದೆ. ಬೇಡವೆಂದರೆ ನೀವೇ ಹೇಳಬೇಕು. ಉಳಿದ ತಂತ್ರಾಂಶಗಳೆಲ್ಲ ಹೀಗೆಯೇ ಎಂದು ನಂಬಿದರೆ ಕೆಟ್ಟಿರಿ. ಹಳಬ ವರ್ಷಗಟ್ಟಲೆ ಹೇಳದೆಯೇ ಮಾಡುತ್ತಿದ್ದ ಕೆಲಸವನ್ನು ಹೊಸಬನಿಗೆ ಬಾಯಿಬಿಟ್ಟು ಹೇಳಬೇಕಾಗುತ್ತದೆ. ವಿಕಿಪೀಡಿಯದವರು ವಾರ್ನಿಶ್‌ನ ಭಾಷೆಯಲ್ಲಿದ್ದ ನಿಯಮಗಳನ್ನು ‘ಲುವಾ’ ಭಾಷೆಗೆ ಬರೆದುಕೊಳ್ಳಬೇಕಾಯಿತು. ಅವರು ಮೊದಲು ಬದಲಿಸಿದ್ದು ಚಿತ್ರಗಳ ವಿಭಾಗವನ್ನು. ಜಾಣತನವೇ ಸರಿ, ತಾಜಮಹಲಿನ ಚಿತ್ರ ಎಲ್ಲರಿಗೂ ಒಂದೇ, ಅಲ್ಲಿ ತಟ್ಟೆ ಅದಲುಬದಲಾದರೂ ಮಾನ ಹೋಗುವುದಿಲ್ಲ. ಪಠ್ಯದ ಸರದಿ ಬಂದದ್ದು ಆಮೇಲೆ. 2020ರಲ್ಲಿ ಕೆಲಸ ಮುಗಿದಾಗಲೂ ಮುಂದಿನ ಸಾಲಿನ ವಾರ್ನಿಶ್ ತನ್ನ ಜಾಗದಲ್ಲೇ ಇತ್ತು.

ನಿಮ್ಮದೊಂದು ಪುಟ್ಟ ತಾಣವಿದ್ದು, ಅದರ ಪುಟಗಳೆಲ್ಲ ಮೆಮೊರಿಯಲ್ಲೇ ಹಿಡಿಯುತ್ತವೆಯೆ? ಹಾಗಾದರೆ ಈ ಡಿಸ್ಕಿನ ತಾಪತ್ರಯ ನಿಮ್ಮದಲ್ಲ. ಕುಕಿಯದು ಮಾತ್ರ ನಿಮ್ಮದೂ ಹೌದು.